ಗ್ರ್ಯಾಕಲಮ್ಮನ ಮಡಿ

ಹಿತ್ತಲಲ್ಲಿ ಈಜುಕೊಳ ಇದೆ ಎಂದು ಊರಿನ ನೆಂಟರ ಮುಂದೆ ಬಾಯಿತಪ್ಪಿಯೂ ಹೇಳಬಾರದು. ಹೇಳಿದ ಮರುಗಳಿಗೆಯಲ್ಲೇ ಅವರ ಕಣ್ಣಿಗೆ ನಾವು ಸಿನಿಮಾದ ಸಾಹುಕಾರರಾಗಿಬಿಡುತ್ತೇವೆ. ನೀಲಿ ನೀರು, ಪಕ್ಕದಲ್ಲಿ ಒರಗುಕುರ್ಚಿ, ಕೈಯಲ್ಲಿ ನಿಂಬೆಹೋಳು ಸಿಕ್ಕಿಸಿದ ಗ್ಲಾಸು. ‘ದಿನಾ ಈಜ್ತೀರಾ?’ ಎಂದು ಕೇಳುತ್ತಾರೆ. ದಿನಾ ಗುಡಿಸುತ್ತೇನೆ ಎಂದರೆ ಯಾರೂ ನಂಬುವುದಿಲ್ಲ. ಟೆಕ್ಸಸ್ಸಿನ ಡಲ್ಲಾಸ್ ಸುತ್ತಲಿನ ಬಡಾವಣೆಗಳಲ್ಲಿ ಈಜುಕೊಳ ಅಂಥ ದೊಡ್ಡಸ್ತಿಕೆಯ ಗುರುತೇನೂ ಅಲ್ಲ. ಹಿಂದಿನ ಮಾಲೀಕ ಆಸೆಪಟ್ಟು ತೋಡಿಸಿ, ಆಸೆ ತೀರಿದ ಮೇಲೆ ಮನೆಯೊಂದಿಗೆ ನಮ್ಮ ಕೊರಳಿಗೆ ಕಟ್ಟಿಹೋದ ಹದಿನೈದು ಸಾವಿರ ಗ್ಯಾಲನ್ ನೀರು ಅದು. ಕ್ಲೋರಿನ್ ಹಾಕಬೇಕು, ಪಿಎಚ್ ನೋಡಬೇಕು, ಪಂಪು ಓಡಿಸಬೇಕು, ಎಲೆ ಎತ್ತಬೇಕು. ಇಷ್ಟರ ಮೇಲೆ ಏಪ್ರಿಲ್ ಬಂತೆಂದರೆ ಹಕ್ಕಿಗಳು.

ಹಕ್ಕಿಗಳು ಎಂದೆನಾದರೂ ನನ್ನ ತಕರಾರಿರುವುದು ಮುಖ್ಯವಾಗಿ ಒಂದರ ಮೇಲೆ. ಅದು ಗ್ರ್ಯಾಕಲ್. ಟೆಕ್ಸಸ್ಸಿಗೆ ಬಂದವರಿಗೆ ಈ ಹಕ್ಕಿಯನ್ನು ಯಾರೂ ಪರಿಚಯ ಮಾಡಿಸಬೇಕಾಗಿಲ್ಲ, ತಾನೇ ಬಂದು ಪರಿಚಯ ಮಾಡಿಕೊಳ್ಳುತ್ತದೆ. ದಿನಸಿ ಅಂಗಡಿಯ ಪಾರ್ಕಿಂಗಿನಲ್ಲಿ, ಬರ್ಗರ್ ಅಂಗಡಿಯ ಹೊರಮೇಜಿನಲ್ಲಿ, ಸಿಗ್ನಲ್ ಕಂಬದ ಮೇಲೆ, ಎಲ್ಲಿ ನೋಡಿದರೂ ಅದೇ. ಗಂಡು ಅಚ್ಚಕಪ್ಪು, ಬಿಸಿಲು ಬಿದ್ದಾಗ ಮೈಮೇಲೆ ನೇರಳೆ, ನೀಲಿ ಮಿಂಚು ಓಡುತ್ತದೆ. ಹಳದಿ ಕಣ್ಣು, ಮೈಗೆ ಮೀರಿದ ಬಾಲ. ಹೆಣ್ಣು ಕಂದು, ಗಾತ್ರದಲ್ಲಿ ಚಿಕ್ಕದು. ಊರಿನಿಂದ ಬಂದಿದ್ದ ನಮ್ಮ ಅತ್ತೆ ಅದನ್ನು ಕಾಗೆಯೆಂದೇ ತೀರ್ಮಾನಿಸಿ ಪಿತೃಪಕ್ಷದಲ್ಲಿ ಎಡೆ ಇಟ್ಟರು. ಅದು ಎರಡು ಮಾತಾಡದೆ ತಿಂದುಹೋಯಿತು. ಆದರೆ ಕಾಗೆಗೂ ಅದಕ್ಕೂ ನೆಂಟಸ್ತಿಕೆಯಿಲ್ಲ. ಅಮೆರಿಕ ಖಂಡಗಳಲ್ಲಿ ಮಾತ್ರ ಇರುವ ಬೇರೆಯದೇ ಕುಲ ಅದರದು. ಮಾವನವರಿಗೆ ಊಟ ತಲುಪಿತೋ ಇಲ್ಲವೋ ಎಂಬ ಪ್ರಶ್ನೆಯನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ.

ಏಪ್ರಿಲ್‌ನಿಂದ ಜೂನ್‌ವರೆಗೆ ಬೆಳಿಗ್ಗೆ ಎದ್ದು ಹಿತ್ತಲ ಬಾಗಿಲು ತೆರೆದರೆ ಕೊಳದ ಅಂಚಿನ ಕಲ್ಲಿನ ಮೇಲೆ, ನೀರೊಳಗಿನ ಮೊದಲ ಮೆಟ್ಟಿಲ ಮೇಲೆ, ತಳದಲ್ಲಿ, ಬಿಳಿ ಗುಳಿಗೆಗಳು ಬಿದ್ದಿರುತ್ತವೆ. ಹಾರುವ ಹಕ್ಕಿ ದಾರಿಯಲ್ಲಿ ಉದುರಿಸಿದ ಹಿಕ್ಕೆಯ ಹಾಗೆ ಚೆಲ್ಲಾಪಿಲ್ಲಿಯಾಗಿರುವುದಿಲ್ಲ, ಒಂದೊಂದೂ ಅಚ್ಚುಕಟ್ಟಾದ ಉಂಡೆ. ಮೊದಲ ವರ್ಷ ಪಕ್ಕದ ಮನೆಯ ಹುಡುಗರು ಏನೋ ಎಸೆಯುತ್ತಿದ್ದಾರೆಂದು ಹೆಂಡತಿಗೆ ಗುಮಾನಿ. ಎಸೆಯುತ್ತಿದ್ದದ್ದು ತಾಯಿ ಗ್ರ್ಯಾಕಲ್. ಮರದ ಮೇಲಿನ ಗೂಡಿನಲ್ಲಿರುವ ಮರಿ ತುತ್ತು ತಿಂದ ಕೂಡಲೇ ಹಿಂದಕ್ಕೆ ತಿರುಗಿ, ಗಟ್ಟಿ ಲೋಳೆಯ ಪೊರೆಯಲ್ಲಿ ಸುತ್ತಿದ ಹಿಕ್ಕೆಯನ್ನು ಪೊಟ್ಟಣ ಕಟ್ಟಿದಂತೆ ತಾಯಿಯ ಕೊಕ್ಕಿಗೇ ಕೊಡುತ್ತದೆ. ಹಾಡುಹಕ್ಕಿಗಳ ಜಾತಿಯಲ್ಲಿ ಇದು ಸಾಮಾನ್ಯ ಪದ್ಧತಿ. ಮರಿ ತೀರಾ ಎಳೆಯದಾಗಿರುವಾಗ ಅದರಲ್ಲಿ ಜೀರ್ಣವಾಗದ ಸತ್ವ ಇನ್ನೂ ಉಳಿದಿರುವುದರಿಂದ ತಾಯಿ ಅದನ್ನು ನುಂಗಿಬಿಡುವುದೂ ಉಂಟು. ಮರಿ ಬಲಿತಂತೆ ಪೊಟ್ಟಣವನ್ನು ಕಚ್ಚಿಕೊಂಡು ಗೂಡಿನಿಂದ ದೂರ ಒಯ್ಯುತ್ತದೆ. ಗೂಡಿನ ಕೆಳಗೆ ಬಿಳಿ ಕಲೆ ಬಿದ್ದರೆ ಹಾವಿಗೆ, ರಕೂನಿಗೆ ವಿಳಾಸ ಕೊಟ್ಟಂತೆ ಆಗುತ್ತದಲ್ಲ! ಬೇರೆ ಹಕ್ಕಿಗಳು ಎಲ್ಲೋ ಒಂದು ಕಡೆ ಎಸೆದು ಕೈತೊಳೆದುಕೊಳ್ಳುತ್ತವೆ. ಗ್ರ್ಯಾಕಲ್‌ಗೆ ಅಷ್ಟು ಸಾಲದು, ನೀರೇ ಆಗಬೇಕು. ಹೊಳೆಯೋ ತೊರೆಯೋ ಇದ್ದ ಕಾಲದಲ್ಲಿ ಪೊಟ್ಟಣ ಹರಿದುಹೋಗುತ್ತಿತ್ತು, ಗುರುತೇ ಉಳಿಯುತ್ತಿರಲಿಲ್ಲ. ಈಗ ತೊರೆಗಳ ಮೇಲೆ ಬಡಾವಣೆಗಳಾಗಿವೆ. ಮೇಲಿನಿಂದ ನೋಡಿದರೆ ಕಾಣುವ ನೀರೆಂದರೆ ನಮ್ಮ ಕೊಳಗಳು.

ಇದನ್ನು ತಿಳಿದ ಮೇಲೆ ನನಗೆ ನಮ್ಮಜ್ಜಿಯ ಮಡಿ ನೆನಪಾಯಿತು. ಅಜ್ಜಿ ಅಡುಗೆಮನೆ ಸಾರಿಸಿ, ಪಾತ್ರೆ ಬೆಳಗಿ, ಒಂದು ಕೂದಲು ಬೀಳದ ಹಾಗೆ ಗುಡಿಸಿ, ಆ ಮುಸುರೆ ನೀರನ್ನು ನಿರಾಳವಾಗಿ ಬೀದಿಗೆ ಚೆಲ್ಲುತ್ತಿದ್ದಳು. ಬೀದಿ ಯಾರದು ಎಂಬ ಪ್ರಶ್ನೆ ಮಡಿಯ ವ್ಯಾಪ್ತಿಗೆ ಬರುತ್ತಿರಲಿಲ್ಲ. ಗ್ರ್ಯಾಕಲಮ್ಮನದೂ ಅದೇ ಲೆಕ್ಕ. ಅವಳನ್ನು ಕೊಳಕು ಹಕ್ಕಿ ಎನ್ನುವುದು ಅನ್ಯಾಯ. ಕೊಳಕಾಗಿದ್ದರೆ ಗೂಡಿನಲ್ಲೇ ಬಿಟ್ಟಿರುತ್ತಿದ್ದಳು, ನನಗೆ ತೊಂದರೆಯೇ ಇರುತ್ತಿರಲಿಲ್ಲ. ಗೂಡು ಕಟ್ಟುವುದು, ಕಾವು ಕೂರುವುದು, ಉಣಿಸುವುದು, ಬಳಿಯುವುದು ಎಲ್ಲವೂ ಅವಳೊಬ್ಬಳದೇ ಕೆಲಸ ಎಂಬುದನ್ನೂ ಗಮನಿಸಬೇಕು. ಉದ್ದಬಾಲದ ಯಜಮಾನರು ತಂತಿಯ ಮೇಲೆ ಕೂತು ಕತ್ತೆತ್ತಿ ಕಿರುಚುತ್ತಿರುತ್ತಾರೆ. ಅವರಿಗೆ ಏಕಕಾಲಕ್ಕೆ ಹಲವು ಸಂಸಾರ, ಯಾವುದರಲ್ಲೂ ಕೈಗೆ ಕೆಲಸವಿಲ್ಲ. ಇನ್ನು ನನ್ನ ಕೊಳದ ಫಿಲ್ಟರ್ ತೊಳೆದ ನೀರು ಎಲ್ಲಿ ಹೋಗುತ್ತದೆ ಎಂದು ಯಾರಾದರೂ ಕೇಳಿದರೆ, ಒಳಚರಂಡಿಯ ಕೊಳವೆಗೆ ಎಂದಷ್ಟೇ ಹೇಳಬಲ್ಲೆ. ಅಲ್ಲಿಂದಾಚೆ ಅದು ನನ್ನ ಮಡಿಗೆ ಸಂಬಂಧಿಸಿದ್ದಲ್ಲ.

ಹಾಗೆಂದು ಸುಮ್ಮನೆ ಬಿಡುವ ಹಾಗೂ ಇಲ್ಲ. ಹಿಕ್ಕೆಯಲ್ಲಿರುವ ಸಾರಜನಕ ಕ್ಲೋರಿನ್ನಿನ ಜೊತೆ ಸೇರಿ ಕ್ಲೋರಮೈನ್ ಆಗುತ್ತದೆ. ಈಜುಕೊಳದ ವಾಸನೆ ಎಂದು ನಾವು ಮೂಗು ಮುಚ್ಚಿಕೊಳ್ಳುವುದು ಹೆಚ್ಚಾಗಿ ಇದಕ್ಕೇ. ಹೀಗೆ ಖರ್ಚಾದ ಕ್ಲೋರಿನ್ ರೋಗಾಣು ಕೊಲ್ಲಲು ಸಿಗುವುದಿಲ್ಲ, ಹಿಕ್ಕೆಯ ರಂಜಕ ಪಾಚಿಗೆ ಗೊಬ್ಬರವಾಗುತ್ತದೆ. ಹಿಕ್ಕೆಯಲ್ಲಿ ಸಾಲ್ಮೊನೆಲ್ಲಾದಂಥವು ಇರಬಹುದಾದ್ದರಿಂದ ಸಿಡಿಸಿ ಎಂಬ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಹೇಳುವುದು ಸರಳವಾಗಿದೆ. ಜನರನ್ನು ನೀರಿನಿಂದ ಮೇಲೆ ಕಳಿಸಿ, ಹಿಕ್ಕೆಯನ್ನು ಬಲೆಯಲ್ಲಿ ಎತ್ತಿ, ಕ್ಲೋರಿನ್ 2 ಪಿಪಿಎಂ, ಪಿಎಚ್ 7.5 ಅಥವಾ ಕಡಿಮೆ ಇರುವಂತೆ ನೋಡಿಕೊಂಡು ಅರ್ಧ ಗಂಟೆಯಷ್ಟು ಹೊತ್ತು ಕಾಯಿರಿ, ಎತ್ತಿದ ಬಲೆಯನ್ನೂ ತೊಳೆಯಿರಿ. ಒಂದು ಉಂಡೆಗೆ ಇದು ಸರಿ. ತಾಯಿ ಬೆಳಗಿನಿಂದ ಸಂಜೆವರೆಗೆ ಮರಿಗೆ ಉಣಿಸುತ್ತಲೇ ಇರುತ್ತಾಳೆ, ಮರಿ ಉಂಡದ್ದಕ್ಕೆ ರಸೀದಿ ಕೊಡುತ್ತಲೇ ಇರುತ್ತದೆ. ಹಾಗೆ ಎರಡು ಮೂರು ವಾರ. ನಮ್ಮ ಬೇಲಿಯ ಓಕ್ ಮರದಲ್ಲಿ ಒಂದೇ ಗೂಡಿರುವುದೂ ಇಲ್ಲ, ಅವು ಓಣಿಯಾಗಿ ವಾಸಿಸುವ ಹಕ್ಕಿಗಳು.

ಓಡಿಸುವ ಉಪಾಯ ಕೇಳಿದರೆ ಈ ದೇಶದಲ್ಲಿ ಬಡತನವಿಲ್ಲ. ಪಕ್ಕದ ಮನೆಯಾತ ಪ್ಲಾಸ್ಟಿಕ್ ಗೂಬೆ ತಂದು ಕೊಳದ ಅಂಚಿಗೆ ನಿಲ್ಲಿಸಿದ. ಎರಡು ದಿನ ಹಕ್ಕಿಗಳು ಅನುಮಾನದಿಂದ ಸುತ್ತುಹಾಕಿದವು. ಆಮೇಲೆ ಗೂಬೆಯ ತಲೆಯ ಮೇಲೆ ಕೂತು ಕೊಕ್ಕು ಒರೆಸಿಕೊಂಡವು. ಮಾರುವವರೇ ಹೇಳುತ್ತಾರೆ, ಗೂಬೆಯನ್ನು ಆಗಾಗ ಜಾಗ ಬದಲಿಸುತ್ತಿರಬೇಕಂತೆ. ಅಂದರೆ ಗೂಬೆ ಹಕ್ಕಿ ಕಾಯುವುದಿಲ್ಲ, ನಾವು ಗೂಬೆ ಕಾಯಬೇಕು. ಗಾಳಿ ತುಂಬಿದ ಮೊಸಳೆ ಬಂತು. ಅದು ಕೊಳದ ಒಂದು ಮೂಲೆಗೆ ತೇಲಿ ಹೋಗಿ ಅಲ್ಲೇ ನಿಂತು, ಹಕ್ಕಿಗಳಿಗೆ ನೀರು ಕುಡಿಯಲು ಅನುಕೂಲವಾದ ದಂಡೆಯಾಯಿತು. ಬೆಳ್ಳಿ ಬಣ್ಣದ ಮಿನುಗು ಪಟ್ಟಿ ಪರವಾಗಿಲ್ಲ, ಗಾಳಿಗೆ ಪಟಪಟ ಎಂದು ಹೊಳೆದರೆ ಕೆಲವು ದಿನ ಹೆದರುತ್ತವೆ. ಅದನ್ನು ನೋಡಿ ನನಗೆ ಊರಿನ ಹೊಲಗಳಲ್ಲಿ ಹಳೆಯ ಕ್ಯಾಸೆಟ್ಟಿನ ಟೇಪು ಬಿಚ್ಚಿ ಅಡ್ಡಡ್ಡ ಎಳೆದಿರುತ್ತಿದ್ದದ್ದು ಜ್ಞಾಪಕಕ್ಕೆ ಬಂತು. ಗಾಳಿ ಬೀಸಿದಾಗ ಟೇಪು ಗುಂಯ್ ಎನ್ನುತ್ತಿತ್ತು. ಭಕ್ತಿಗೀತೆಯ ಟೇಪೋ ಸಿನಿಮಾ ಹಾಡಿನದೋ ಎಂದು ಹಕ್ಕಿಗಳು ಭೇದ ಮಾಡುತ್ತಿರಲಿಲ್ಲ. ಇಲ್ಲಿ ಭೇದ ಮಾಡುವವರು ಬಡಾವಣೆಯ ಸಂಘದವರು: ಬೇಲಿಗಿಂತ ಮೇಲೆ ಹೊಳೆಯುವುದೇನೂ ಕಾಣಬಾರದೆಂದು ಪತ್ರ ಬಂತು. ಮೀನಿನ ಗಾಳದ ನೈಲಾನ್ ದಾರವನ್ನು ಕೊಳದ ಮೇಲೆ ಸಾಲಾಗಿ ಕಟ್ಟುವುದೂ ಇಲ್ಲಿ ರೂಢಿಯಲ್ಲಿದೆ. ಕೆಲಸ ಮಾಡುತ್ತದೆಂದು ಕಟ್ಟಿದವರು ಹೇಳುತ್ತಾರೆ. ಕಣ್ಣಿಗೆ ಕಾಣದ ದಾರಕ್ಕೆ ರೆಕ್ಕೆ ಸಿಕ್ಕಿಸಿಕೊಂಡು ಒದ್ದಾಡುವ ಹಕ್ಕಿಯನ್ನು ಬಿಡಿಸುವ ಕೆಲಸವೂ ಕಟ್ಟಿದವರದೇ. ಮಕ್ಕಳು ಓಡಾಡುವ ಹಿತ್ತಲಿನಲ್ಲಿ ಕತ್ತಿನ ಮಟ್ಟಕ್ಕೆ ದಾರ ಬೇಡವೆಂದು ನಾನು ಆ ಕಡೆ ಹೋಗಲಿಲ್ಲ.

ಹೆದರಿಸುವುದರಲ್ಲಿ ನನಗೆ ಮೊದಲಿನಿಂದಲೂ ನಂಬಿಕೆ ಕಡಿಮೆ. ಎದುರಾಳಿಗೆ ಬುದ್ಧಿಯಿದೆ ಎಂಬುದೇ ಕಾರಣ. ಹೂಜಿಗೆ ಕಲ್ಲು ಹಾಕಿ ನೀರು ಮೇಲೆ ತಂದ ಕಾಗೆಯ ಕತೆ ಕೇಳದೆ ಕನ್ನಡ ಶಾಲೆಯಲ್ಲಿ ಯಾರೂ ಮುಂದಿನ ತರಗತಿಗೆ ಹೋಗಿಲ್ಲ. ಕೊರಿನಾ ಲೋಗನ್ ಎಂಬ ಸಂಶೋಧಕಿ ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾದಲ್ಲಿ ಹಿಡಿದ ಕೆಲವು ಗ್ರ್ಯಾಕಲ್‌ಗಳಿಗೆ ಅದೇ ಪರೀಕ್ಷೆ ಒಡ್ಡಿದರು. ಕೊಳವೆಯಲ್ಲಿ ನೀರು, ನೀರಿನ ಮೇಲೆ ಕೊಕ್ಕಿಗೆ ಎಟುಕದ ತಿಂಡಿ, ಪಕ್ಕದಲ್ಲಿ ಭಾರದ ಮತ್ತು ಹಗುರದ ವಸ್ತುಗಳು. 2016ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ವಸ್ತು ಬೀಳಿಸಲು ಕಲಿತ ಹಕ್ಕಿಗಳು ನೀರು ಏರಿಸಿ ತಿಂಡಿ ತಿಂದವು. ಕೆಲವು ಹೆಚ್ಚು ನೀರು ಏರಿಸುವ ಭಾರದ ವಸ್ತುವನ್ನೇ ಆರಿಸಿಕೊಂಡವು. ಆಟದ ನಿಯಮ ಬದಲಿಸಿ ಭಾರದ್ದು ಕೆಲಸಕ್ಕೆ ಬಾರದಂತೆ ಮಾಡಿದರೆ ತಮ್ಮ ಆಯ್ಕೆಯನ್ನೂ ಬದಲಿಸಿದವು. ಇಂಥವರ ಮುಂದೆ ಹದಿನೈದು ಡಾಲರಿನ ಗೂಬೆ!

ಒಂದು ಕಾಲಕ್ಕೆ ಇವರನ್ನು ಬರಮಾಡಿಕೊಂಡ ಚಕ್ರವರ್ತಿಯೂ ಇದ್ದ. 1486ರಿಂದ 1502ರವರೆಗೆ ಆಳಿದ ಅಜ್ಟೆಕ್ ದೊರೆ ಅವಿಟ್ಸೋಟ್ಲ್, ಕರಾವಳಿ ಸೀಮೆಯಿಂದ ಗ್ರ್ಯಾಕಲ್‌ಗಳನ್ನು ತರಿಸಿ ಇಂದಿನ ಮೆಕ್ಸಿಕೋ ನಗರವಿರುವ ಕಣಿವೆಯಲ್ಲಿ ಬಿಡಿಸಿದನಂತೆ. ಅವುಗಳಿಗೆ ಆಹಾರ ಇಡಿಸಿದ, ಯಾರೂ ಕಲ್ಲು ಹೊಡೆಯಕೂಡದೆಂದು ಕಟ್ಟಪ್ಪಣೆ ಮಾಡಿದ. ಅವು ಬೆಳೆದು ಎಲ್ಲೆಲ್ಲೂ ಹರಡಿದ ಮೇಲೆ ಜನಕ್ಕೆ ಆ ಗೌರವ ಉಳಿಯಲಿಲ್ಲ. ಇದನ್ನೆಲ್ಲ ಹದಿನಾರನೆಯ ಶತಮಾನದಲ್ಲೇ ಬೆರ್ನಾರ್ಡಿನೊ ದೆ ಸಹಗುನ್ ಎಂಬ ಪಾದ್ರಿ ಸ್ಥಳೀಯರಿಂದ ಕೇಳಿ ಬರೆಸಿಟ್ಟಿದ್ದಾನೆ. ಆಸೆಪಟ್ಟು ತಂದವನು ಒಬ್ಬ, ಗುಡಿಸುವವನು ಇನ್ನೊಬ್ಬ ಎಂಬ ವ್ಯವಸ್ಥೆ ಅಷ್ಟು ಹಳೆಯದು. ಟೆಕ್ಸಸ್ಸಿಗೆ ಮಾತ್ರ ಯಾರೂ ತರಲಿಲ್ಲ. 1880ರ ಹೊತ್ತಿಗೆ ದೊಡ್ಡಬಾಲದ ಗ್ರ್ಯಾಕಲ್ ಈ ರಾಜ್ಯದ ದಕ್ಷಿಣದ ತುದಿಯಲ್ಲಷ್ಟೇ ಇತ್ತು. ನಾವು ನೀರಾವರಿ ಮಾಡಿ, ಹುಲ್ಲುಹಾಸು ಹಾಸಿ, ನೆರಳಿನ ಮರ ನೆಟ್ಟು ದಾರಿ ಮಾಡಿಕೊಟ್ಟ ಹಾಗೆಲ್ಲ ಅದು ಉತ್ತರಕ್ಕೂ ಪಶ್ಚಿಮಕ್ಕೂ ನಡೆದು ಬಂತು. ವಿಚಿತ್ರವೆಂದರೆ ಅದರ ದಾಯಾದಿ, ಸಾಮಾನ್ಯ ಗ್ರ್ಯಾಕಲ್ ಎಂದೇ ಹೆಸರಾದ ಹಕ್ಕಿ, ಅಸಾಮಾನ್ಯವಾಗುತ್ತ ಬಂದಿದೆ. 1960ರ ದಶಕದಿಂದೀಚೆಗೆ ಅದರ ಸಂಖ್ಯೆ ಅರ್ಧಕ್ಕಿಂತ ಹೆಚ್ಚು ಕುಸಿದಿದೆ. ನಮ್ಮ ಕಡೆ ಎರಡೂ ಇವೆ, ಎರಡೂ ಪೊಟ್ಟಣ ತರುತ್ತವೆ. ಪೊಟ್ಟಣದ ಮೇಲೆ ಹೆಸರು ಬರೆದಿರುವುದಿಲ್ಲ.

ಕಾನೂನು ಏನು ಹೇಳುತ್ತದೆ ಎಂದು ನೋಡಿದೆ. 1918ರ ವಲಸೆಹಕ್ಕಿ ಒಪ್ಪಂದ ಕಾಯ್ದೆಯ ರಕ್ಷಣೆ ಗ್ರ್ಯಾಕಲ್‌ಗೂ ಇದೆ. ಆದರೆ ಅದರ ಕೆಳಗಿನ ನಿಯಮವೊಂದರಲ್ಲಿ ವಿನಾಯಿತಿಯೂ ಇದೆ: ಬೆಳೆಗೆ ತೀವ್ರ ಹಾನಿ ಮಾಡುತ್ತಿದ್ದರೆ, ಅಥವಾ ಆರೋಗ್ಯಕ್ಕೆ ಅಪಾಯವಾಗಿದ್ದರೆ ಕೊಲ್ಲಬಹುದು. ಹಿಂದೆ ಅದೇ ನಿಯಮದಲ್ಲಿ ಬೆಳೆಗೋ ಮರಕ್ಕೋ ಹಾನಿ ಮಾಡುವುದರಲ್ಲಿದ್ದರೂ ಕೊಲ್ಲಬಹುದು ಎಂದಿತ್ತು. ಮಾಡುವುದರಲ್ಲಿದ್ದರೆ! ಹಕ್ಕಿಯ ಮನಸ್ಸಿನಲ್ಲಿ ಏನಿದೆ ಎಂದು ಬಂದೂಕು ಹಿಡಿದವನು ಓದಿ ತಿಳಿಯಬೇಕಿತ್ತು. ಮನುಷ್ಯರ ವಿಷಯದಲ್ಲಿ ಇಂಥ ಕಾನೂನು ಬಂದರೆ ನಮ್ಮ ಬಡಾವಣೆಯಲ್ಲಿ ಬೆಳಗಿನ ವಾಕಿಂಗ್ ಹೋಗಲು ನನಗೆ ಧೈರ್ಯವಾಗದು. ಅದೇ ನಿಯಮ ಇನ್ನೊಂದು ಮಾತನ್ನೂ ಸೇರಿಸಿದೆ. ಕೊಲ್ಲದೆ ಓಡಿಸುವ ದಾರಿಗಳನ್ನು ಮೊದಲು ಪ್ರಯತ್ನಿಸಿರಬೇಕು. ಪಕ್ಕದ ಮನೆಯಾತನಿಗೆ ಇದನ್ನು ಹೇಳಿದಾಗ ಅವನು ಗೂಬೆಯ ಕಡೆ ಬೆರಳು ತೋರಿಸಿ, ‘ಪ್ರಯತ್ನಿಸಿದ್ದೇನಲ್ಲ!’ ಎಂದ. ಅವನ ಮನೆಯಲ್ಲಿ ಬಂದೂಕಿದೆ. ಅವನ ಮಗಳು ಗೂಡಿನಿಂದ ಬಿದ್ದ ಮರಿಗೆ ಹೆಸರಿಟ್ಟಿದ್ದರಿಂದ ವಿಷಯ ಅಲ್ಲಿಗೇ ನಿಂತಿತು.

ಬಾತುಕೋಳಿಗಳ ಮಾತು ಬೇರೆ. ಮಾರ್ಚಿನಲ್ಲಿ ಹಸಿರುತಲೆಯ ಮಲ್ಲಾರ್ಡ್ ಗಂಡು ಹೆಣ್ಣು ಜೋಡಿಯಾಗಿ ಬಂದು ನೀರಿಗಿಳಿದರೆ ಯಾರಿಗೂ ಓಡಿಸುವ ಮನಸ್ಸಾಗುವುದಿಲ್ಲ, ಫೋಟೊ ತೆಗೆಯುವ ಮನಸ್ಸಾಗುತ್ತದೆ. ಚೆಂದಕ್ಕೆ ಈ ಲೋಕದಲ್ಲಿ ಬಾಡಿಗೆಯಿಲ್ಲ. ಬಾತಿನ ಹಿಕ್ಕೆ ಪೊಟ್ಟಣದಲ್ಲಿ ಬರುವುದಿಲ್ಲ ಎಂಬುದು ಎರಡನೆಯ ದಿನ ಗೊತ್ತಾಗುತ್ತದೆ. ಆಗ ಯಾರಾದರೊಬ್ಬರು ಸಲಹೆ ಕೊಡುತ್ತಾರೆ: ನೀರಿಗೆ ಒಂದಷ್ಟು ಪಾತ್ರೆ ತೊಳೆಯುವ ಸೋಪು ಹಾಕಿ, ತೇಲಲಾರದೆ ತಾವೇ ಹೋಗುತ್ತವೆ. ಕೇಳಲು ಎಷ್ಟು ಸಾಧುವಾಗಿದೆ! ಬಾತು ತೇಲುವುದು, ಬೆಚ್ಚಗಿರುವುದು ಎರಡೂ ಅದು ಕೊಕ್ಕಿನಿಂದ ಎಣ್ಣೆ ಸವರಿ ಜೋಡಿಸಿಕೊಂಡ ಗರಿಗಳಿಂದ. ಸೋಪು ಆ ಎಣ್ಣೆಯನ್ನು ಕಿತ್ತು ನೀರನ್ನು ಚರ್ಮಕ್ಕೆ ಇಳಿಸುತ್ತದೆ. ರಕ್ತ ಕಾಣದ ಕ್ರೌರ್ಯವೆಲ್ಲ ದಯೆಯ ಲೆಕ್ಕಕ್ಕೆ ಬರುವುದಿಲ್ಲ. ಮಲ್ಲಾರ್ಡ್ ಜೋಡಿಯನ್ನು ಮೊಟ್ಟೆಯಿಡುವ ಮುಂಚೆಯೇ ದಿನವೂ ಎದ್ದುಬಂದು, ಚಪ್ಪಾಳೆ ತಟ್ಟಿ, ಇದು ನಿಮ್ಮ ಜಾಗವಲ್ಲ ಎಂದು ತಿಳಿಹೇಳುವುದೇ ಸರಿಯಾದ ದಾರಿ. ಮನೆಯಲ್ಲಿ ನಾಯಿಯಿದ್ದರೆ ಆ ಕೆಲಸ ಅದು ಮಾಡುತ್ತದೆ. ಪೊದೆಯಲ್ಲಿ ಮೊಟ್ಟೆಯಿಟ್ಟು ಕೂತರೆ ಮುಗಿಯಿತು, ಕಾನೂನಿನ ಪ್ರಕಾರವೂ ಕೈಹಾಕುವಂತಿಲ್ಲ, ಸುಮಾರು 4 ವಾರ ನಾವೇ ಬಾಡಿಗೆದಾರರು. ಮರಿಗಳು ಹೊರಬಂದ ದಿನವೋ ಮರುದಿನವೋ ತಾಯಿಯ ಹಿಂದೆ ನೀರಿಗೆ ಧುಮುಕುತ್ತವೆ. ಕೆರೆಗೆ ಇಳಿಜಾರು ದಂಡೆಯಿರುತ್ತದೆ, ಕೊಳಕ್ಕೆ ನೇರ ಗೋಡೆ. ಇಳಿದ ಮರಿ ಏರಲಾರದೆ ಸುತ್ತಿ ಸುತ್ತಿ ಸೋಲುತ್ತದೆ. ಒಂದು ಹಲಗೆಗೆ ಒರಟು ಬಟ್ಟೆ ಸುತ್ತಿ ಅಂಚಿನಿಂದ ನೀರಿಗೆ ಓರೆಯಾಗಿ ಇಳಿಬಿಟ್ಟರೆ ಸಾಕು. ನಮ್ಮ ಹಲಗೆ ವರ್ಷವಿಡೀ ಅಲ್ಲೇ ಇರುತ್ತದೆ. ಕಪ್ಪೆ, ಅಳಿಲು ಕೂಡ ಉಪಯೋಗಿಸುತ್ತವೆ.

ನಾನು ಮದ್ದೂರು ಕಡೆಯವನು. ಅದೇ ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರೊಳಗಿನ ಹುಣಸೆಮರಗಳಲ್ಲೇ ಗೂಡು ಕಟ್ಟುತ್ತವೆ, ಮನೆಯ ಹೆಂಚಿನ ಮೇಲೆ, ಅಂಗಳದಲ್ಲಿ, ಒಣಗಲು ಹಾಕಿದ ಬಟ್ಟೆಯ ಮೇಲೆ ಮೀನಿನ ವಾಸನೆಯ ಹಿಕ್ಕೆ ಸುರಿಯುತ್ತವೆ. ಊರವರು ಅವನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆನ್ನುತ್ತಾರೆ. ಬರೀ ಭಾವುಕತೆಯಲ್ಲ ಅದು. ಮರದ ಕೆಳಗಿನ ಹಿಕ್ಕೆ ಹೊಲಕ್ಕೆ ಗೊಬ್ಬರವಾಗುತ್ತಿತ್ತು. ಅಲ್ಲಿ ಹಕ್ಕಿ ಕೊಟ್ಟದ್ದನ್ನು ತೆಗೆದುಕೊಳ್ಳುವ ಮಣ್ಣಿತ್ತು. ನನ್ನ ಹಿತ್ತಲಿನಲ್ಲಿ ಇರುವುದು ಯಾವುದನ್ನೂ ತೆಗೆದುಕೊಳ್ಳದ ನೀರು. ಕಪ್ಪೆ ಮೊಟ್ಟೆಯಿಡಬಾರದು, ಸೊಳ್ಳೆ ಹುಟ್ಟಬಾರದು, ಎಲೆ ಕೊಳೆಯಬಾರದು, ಪಾಚಿ ಹಬ್ಬಬಾರದು ಎಂದು ದುಡ್ಡು ಕೊಟ್ಟು ಮಾಡಿಟ್ಟ ನೀರು. ಅದು ನೀರಲ್ಲ ಎಂದು ಹಕ್ಕಿಗೆ ತಿಳಿಯದಿದ್ದರೆ ತಪ್ಪು ಹಕ್ಕಿಯದಲ್ಲ. ಆದ್ದರಿಂದ ನನ್ನ ಮಟ್ಟಿಗೆ ಮಾಡಬೇಕಾದದ್ದು ಹಕ್ಕಿಯನ್ನು ಹೆದರಿಸುವುದಲ್ಲ, ಗೂಡಿನ ಆ ತಿಂಗಳುಗಳಲ್ಲಿ ನೀರು ಕಾಣದಂತೆ ಮಾಡುವುದು.

ಅದಕ್ಕೆ ಬಿಸಿಲಿನ ಶಾಖ ಹಿಡಿದಿಡಲು ಮಾರುವ ಗುಳ್ಳೆಗುಳ್ಳೆಯ ಪ್ಲಾಸ್ಟಿಕ್ ಹೊದಿಕೆಯೇ ಸಾಕು. ಹಗಲು ಹೊದಿಸುವುದು, ಈಜುವವರು ಬಂದರೆ ಪೂರ್ತಿ ತೆಗೆಯುವುದು. ಅರ್ಧ ಸರಿಸಿ ಈಜಲು ಬಿಡುವುದು ಮಾತ್ರ ಬೇಡ, ಮಗು ಹೊದಿಕೆಯಡಿ ಸಿಕ್ಕಿದರೆ ಮೇಲಿನಿಂದ ಕಾಣುವುದಿಲ್ಲ. ಪೊಟ್ಟಣಗಳು ಆಗಲೂ ಬೀಳುತ್ತವೆ, ಕಡಿಮೆ ಬೀಳುತ್ತವೆ, ಹೊದಿಕೆಯ ಮೇಲೆ ಬೀಳುತ್ತವೆ. ಪೈಪು ಹಿಡಿದು ಹುಲ್ಲಿಗೆ ತೊಳೆದರಾಯಿತು. ನಾಯಿಯ ಊಟದ ತಟ್ಟೆ ಒಳಗಿರಬೇಕು. ಗ್ರ್ಯಾಕಲ್‌ಗೆ ಒಣ ಬಿಸ್ಕತ್ತಿನಂಥ ನಾಯಿ ತಿಂಡಿ ಸಿಕ್ಕರೆ ಅದನ್ನು ನೀರಿನಲ್ಲಿ ಅದ್ದಿ ಮೆತ್ತಗೆ ಮಾಡಿಕೊಂಡು ತಿನ್ನುವ ಅಭ್ಯಾಸವಿದೆ. ಕಾಫಿಗೆ ರಸ್ಕು ಅದ್ದುವ ಮನೆಯವರು ಅದನ್ನು ಆಕ್ಷೇಪಿಸುವ ಹಾಗಿಲ್ಲ. ಓಕ್ ಮರದ ಕೆಳಗೆ, ಕೊಳದಿಂದ ದೂರ, ಅಗಲವಾದ ಮಣ್ಣಿನ ಬೋಗುಣಿಯಲ್ಲಿ ನೀರಿಟ್ಟಿದ್ದೇವೆ. ಅದನ್ನು ಹೆಚ್ಚಾಗಿ ಬಳಸುವುದು ಈ ರಾಜ್ಯದ ರಾಜ್ಯಪಕ್ಷಿಯಾದ ಮಾಕಿಂಗ್‌ಬರ್ಡ್. ಗ್ರ್ಯಾಕಲಮ್ಮನೂ ಒಮ್ಮೊಮ್ಮೆ ಬಂದು ಅಲ್ಲೇ ಉಂಡೆ ಹಾಕಿ ಹೋಗುತ್ತಾಳೆ.

ಕೊಂಬೆ ಕಡಿಸಿಬಿಡಿ, ಗೂಡೇ ಇರುವುದಿಲ್ಲ ಎನ್ನುವವರಿಗೆ ಓಕ್ ಮರವೇ ಉತ್ತರ ಕೊಡುತ್ತದೆ. ಓಕ್ ವಿಲ್ಟ್ ಎಂಬ ಶಿಲೀಂಧ್ರರೋಗ ಹಸಿಗಾಯಕ್ಕೆ ಬರುವ ಜೀರುಂಡೆಗಳಿಂದ ಹರಡುವುದರಿಂದ ಫೆಬ್ರವರಿಯಿಂದ ಜೂನ್ ಕೊನೆಯವರೆಗೆ ಓಕ್ ಸವರಬೇಡಿ ಎಂದು ಟೆಕ್ಸಸ್ ಅರಣ್ಯ ಇಲಾಖೆಯವರ ಎಚ್ಚರಿಕೆ. ಗೂಡಿನ ತಿಂಗಳುಗಳೂ ಅವೇ. ಮರ ಮತ್ತು ಹಕ್ಕಿ ಮಾತಾಡಿಕೊಂಡಿವೆಯೋ ಏನೋ. ಡಿಸೆಂಬರಿನ ಚಳಿಯಲ್ಲಿ ಒಳಗಿನ ಕೊಂಬೆಗಳನ್ನು ತೆಳುಗೊಳಿಸಿ, ಕಡಿದ ಜಾಗಕ್ಕೆ ಆಗಿಂದಾಗಲೇ ಬಣ್ಣ ಬಳಿಸಿದ ವರ್ಷ ಗೂಡುಗಳು ಕಡಿಮೆಯಾದವು. ಕಡಿಮೆಯಾದವು ಎಂದರೆ ಪಕ್ಕದ ಮನೆಯ ಮರಕ್ಕೆ ಹೋದವು. ಅವನ ಮಗಳಿಗೆ ಸಂತೋಷವಾಯಿತು.

ಜುಲೈ ಹೊತ್ತಿಗೆ ಮರಿಗಳೆಲ್ಲ ರೆಕ್ಕೆ ಬಲಿತು ಎಲ್ಲೋ ಪಾರ್ಕಿಂಗ್ ಜಾಗಕ್ಕೆ ಸೇರಿಕೊಂಡಿರುತ್ತವೆ. ಹೊದಿಕೆ ಸುತ್ತಿ ಗೋಡೆಗೊರಗಿಸುತ್ತೇವೆ. ನೀರು ಫಳಫಳ ಎನ್ನುತ್ತದೆ. ಆದರೆ ಅಷ್ಟರಲ್ಲಿ ಹೊರಗಿನ ಬಿಸಿಲು 100 ಡಿಗ್ರಿ ಫ್ಯಾರನ್‌ಹೀಟ್, ಕೊಳದ ನೀರು 90ರ ಆಸುಪಾಸು. ಮಕ್ಕಳು ಬೆರಳು ಅದ್ದಿ ನೋಡಿ, ಇದು ಸ್ನಾನದ ನೀರು ಎಂದು ಒಳಗೆ ಎಸಿಗೆ ಓಡುತ್ತಾರೆ. ಟೆಕ್ಸಸ್ಸಿನಲ್ಲಿ ಈಜಲು ಹಿತವಾದ ವಾರಗಳು ಮೇ ತಿಂಗಳಲ್ಲಿವೆ, ಆ ವಾರಗಳು ಗ್ರ್ಯಾಕಲ್‌ಗಳಿಗೆ ಮೀಸಲು. ಕಳೆದ ಸಲ ಹೆಂಡತಿ ಬೇಸತ್ತು, ಕೊಳ ಮುಚ್ಚಿಸಿ ಟೊಮೆಟೊ ಹಾಕೋಣ ಎಂದಳು. ಗುತ್ತಿಗೆದಾರ ಬಂದು ಅಳತೆ ತೆಗೆದ. ತಳಕ್ಕೆ ತೂತು ಹೊಡೆದು ಮಣ್ಣು ತುಂಬಬೇಕು, ಮಣ್ಣು ಅದುಮಬೇಕು, ನಗರಸಭೆಯ ಪರವಾನಗಿ ಬೇಕು ಎಂದು ಲೆಕ್ಕ ಬರೆದ. ಟೊಮೆಟೊ ಹಾಕಿದರೆ ಗ್ರ್ಯಾಕಲ್ ಬರುವುದಿಲ್ಲವೇ ಎಂದು ಕೇಳಿದೆ. ‘ಬರ್ತವೆ, ಅದಕ್ಕೂ ಗೂಬೆ ಸಿಗುತ್ತೆ’ ಎಂದ. ಅವನ ಅಂದಾಜು ಪಟ್ಟಿ ಫ್ರಿಜ್ಜಿನ ಬಾಗಿಲಲ್ಲಿ ಅಂಟಿಕೊಂಡಿದೆ. ಕ್ಲೋರಿನ್ ಮಾತ್ರೆಯ ಡಬ್ಬ ಖಾಲಿಯಾಗುತ್ತ ಬಂದಿದೆ, ಈ ಶನಿವಾರ ತರಬೇಕು.